ಬೆಕ್ಕು ಬಾಯಿ ಬಿಡುವುದಿಲ್ಲ, ಟ್ರೇ ಹೇಳುತ್ತದೆ

ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವ ಮೊದಲು ನಾನು ಬೆಕ್ಕುಗಳು ಉಚ್ಚೆ, ಕಕ್ಕ ಮಾಡುವ ಟ್ರೇ ನೋಡುತ್ತೇನೆ. ಸುಮ್ನೆ ಬಾಚಿ ತೆಗೆದು ಹಾಕಿದರೆ ಅರ್ಧ ಕೆಲಸ ಅಷ್ಟೇ. ಉಚ್ಚೆ ತಾಗಿ ಲಿಟರ್ (ಟ್ರೇಗೆ ಹಾಕುವ ಪುಡಿ) ಕಟ್ಟಿದ ಉಂಡೆ ಎಷ್ಟಿವೆ, ಎಷ್ಟು ದಪ್ಪ ಇವೆ, ಕಕ್ಕ ಗಟ್ಟಿಯಾಗಿದೆಯೋ ಸಡಿಲವಾಗಿದೆಯೋ, ಎಲ್ಲ ನೋಡಿಕೊಂಡೇ ತೆಗೆಯುತ್ತೇನೆ. ಬೆಕ್ಕು ಸಾಕಲು ಶುರು ಮಾಡಿದವರು ಯಾರಾದರೂ ಏನು ಕಲಿಯಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನಾಯಿಗೆ ನೋವಾದರೆ ಕುಂಯ್ ಅನ್ನುತ್ತದೆ, ಹತ್ತಿರ ಬರುತ್ತದೆ. ಬೆಕ್ಕು ಮೂಲೆಗೆ ಹೋಗಿ ಸುಮ್ಮನೆ ಕೂರುತ್ತದೆ. ನಾವು ನೋಡಿದವರು 'ಪಾಪ, ನಿದ್ದೆ ಮಾಡ್ತಿದೆ' ಅಂದುಕೊಳ್ಳುತ್ತೇವೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಈಗ ಎರಡು ಬೆಕ್ಕುಗಳಿವೆ. ಚುಕ್ಕಿ ಹೆಣ್ಣು, ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಅವಳ ಮೈಮೇಲಿದೆ. ಗುಂಡ ಗಂಡು, ಪೂರ್ತಿ ಕೇಸರಿ. ಚುಕ್ಕಿ ಟ್ರೇ ಬಳಸಿದ ಮೇಲೆ ನೀಟಾಗಿ ಮುಚ್ಚಿ, ಮೂಸಿ ನೋಡಿ, ಇನ್ನೊಂದು ಸಲ ಮುಚ್ಚಿ ಹೊರಗೆ ಬರುತ್ತಾಳೆ. ಗುಂಡ ಲಿಟರ್ ಬಿಟ್ಟು ಟ್ರೇಯ ಗೋಡೆಯನ್ನು ಪರಪರ ಕೆರೆದು ಓಡುತ್ತಾನೆ. ಹಾಗಾಗಿ ಯಾವ ಉಂಡೆ ಯಾರದು ಅಂತ ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಟ್ರೇ ವಿಷಯದಲ್ಲಿ ನಾನು ಪಾಲಿಸುವುದು ಹಳೆಯ ಲೆಕ್ಕ: ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ. ಮೂರನ್ನೂ ಒಂದೇ ಕಡೆ ಇಟ್ಟರೆ ಪ್ರಯೋಜನ ಇಲ್ಲ. ಒಂದು ಯುಟಿಲಿಟಿಯಲ್ಲಿ, ಒಂದು ಮಹಡಿಯ ಕೋಣೆಯಲ್ಲಿ, ಒಂದು ಮೆಟ್ಟಿಲ ಕೆಳಗೆ. ಮುಚ್ಚಳ ಇರುವ ಟ್ರೇ ನೋಡಲು ಚೆನ್ನಾಗಿದೆ, ಆದರೆ ಒಳಗೆ ವಾಸನೆ ನಿಲ್ಲುತ್ತದೆ, ಬೆಕ್ಕು ಕೂತಿದ್ದು ನಮಗೆ ಕಾಣುವುದೂ ಇಲ್ಲ. ಅಗಲವಾದ ತೆರೆದ ಟಬ್ಬೇ ವಾಸಿ. ಒಳಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಲಿಟರ್ ಎರಡು ಮೂರು ಇಂಚು ಹಾಕುತ್ತೇನೆ. ಇದು ಉಚ್ಚೆ ಬಿದ್ದ ಕಡೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಮನೆ ಕಟ್ಟುವ ಮರಳು ಅಗ್ಗ, ಬೆಕ್ಕಿಗೂ ಬೇಜಾರಿಲ್ಲ. ಆದರೆ ಮರಳಿನಲ್ಲಿ ಉಚ್ಚೆ ಕೆಳಗಿಳಿದು ಹೋಗುತ್ತದೆ, ಎಷ್ಟು ಹೋಯಿತು ಅಂತ ತಿಳಿಯುವುದಿಲ್ಲ. ಆ ಸುದ್ದಿಗೋಸ್ಕರವೇ ನಾನು ಲಿಟರಿಗೆ ದುಡ್ಡು ಕೊಡುತ್ತೇನೆ.

ನಮ್ಮದು ಸಸ್ಯಾಹಾರಿ ಮನೆ. ಊಟದ ವಿಷಯ ಬಗೆಹರಿಯಲು ಸ್ವಲ್ಪ ಕಾಲ ಬೇಕಾಯಿತು. ನಮ್ಮ ಅತ್ತೆ ಕೊಪ್ಪದ ಕಡೆಯ ತೋಟದ ಮನೆಯಲ್ಲಿ ಬೆಳೆದವರು. ಅಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ. "ನಮ್ಮನೆ ಬೆಕ್ಕುಗಳೆಲ್ಲ ಹಾಲನ್ನ ತಿಂದೇ ಬೆಳೆದಿದ್ವು ಕಣೆ. ಅವಕ್ಕೇನಾಗಿತ್ತು?" ಅನ್ನುತ್ತಿದ್ದರು. ನಾನು ಹೇಳಿದೆ: "ಅತ್ತೆ, ಹಗಲು ಹಾಲನ್ನ ಸರಿ. ರಾತ್ರಿ ಅಡಿಕೆ ಅಟ್ಟದ ಮೇಲೆ ಅವು ಏನು ತಿಂತಿದ್ವು?" ಅವರು ಸ್ವಲ್ಪ ಹೊತ್ತು ಯೋಚಿಸಿ "ಇಲಿ ಹಿಡೀತಿದ್ವು, ಹೌದು" ಅಂದರು. ಊರಿನ ಬೆಕ್ಕಿಗೆ ಇಲಿ, ಹಲ್ಲಿ, ಮಿಡತೆ ಸಿಗುತ್ತದೆ. ಕಿಟಕಿಗೆಲ್ಲ ಜಾಲರಿ ಹಾಕಿದ ಮನೆಯಲ್ಲಿರುವ ಬೆಕ್ಕಿಗೆ ನಾವು ಹಾಕಿದ್ದು ಬಿಟ್ಟು ಬೇರೆ ಏನೂ ಸಿಗುವುದಿಲ್ಲ.

ಬೆಕ್ಕಿಗೆ ಮಾಂಸ ಬೇಕೇ ಬೇಕು. ಟೌರಿನ್ ಅನ್ನುವ ಅಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. 1987ರಲ್ಲಿ ಅಮೆರಿಕದ ವೈದ್ಯರು ಈ ಹೃದಯದ ಕಾಯಿಲೆಗೂ ಟೌರಿನ್ ಕೊರತೆಗೂ ಇರುವ ನಂಟನ್ನು ತೋರಿಸಿಕೊಟ್ಟರು. ಆಮೇಲೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರಕ್ಕೆ ಟೌರಿನ್ ಹೆಚ್ಚಾಗಿ ಸೇರಿಸಲು ಶುರು ಮಾಡಿದರು. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಕೊನೆಗೆ ಒಪ್ಪಂದವಾಯಿತು: ಮಾಂಸ ಬೇಯಿಸುವುದಿಲ್ಲ, ಪ್ಯಾಕೆಟ್ ಆಹಾರ ತರುವುದು, ಯುಟಿಲಿಟಿಯಲ್ಲೇ ಹಾಕುವುದು, ಅದರ ತಟ್ಟೆ, ಚಮಚ, ತೊಳೆಯುವ ಸ್ಕ್ರಬ್ಬರ್ ಎಲ್ಲ ಬೇರೆ. ಸಸ್ಯಾಹಾರಿ ಮನೆಯವರು ಬೆಕ್ಕು ಸಾಕುವುದಾದರೆ ಈ ಮಾತು ಮರಿ ತರುವ ಮೊದಲೇ ಮನೆಯಲ್ಲಿ ಆಗಬೇಕು. ಹಿರಿಯರಿಗೆ ಕಾರಣ ಹೇಳಿದರೆ ಅರ್ಥವಾಗುತ್ತದೆ.

ಹಾಲಿನ ಮೇಲಿನ ಪ್ರೀತಿ ಮಾತ್ರ ಅತ್ತೆಗೆ ಹೋಗಲಿಲ್ಲ. ಮರಿಗಳಿಗೆ ತಾಯಿ ಹಾಲು ಅರಗುತ್ತದೆ. ದೊಡ್ಡದಾದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತುಂಬಾ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಒಂದು ವಾರ ಚುಕ್ಕಿಯ ಕಕ್ಕ ದಿನಾ ಸಡಿಲ. ಆಹಾರ ಬದಲಾಗಿಲ್ಲ, ಜಂತಿನ ಮಾತ್ರೆ ಕೊಟ್ಟಾಗಿದೆ. "ಅತ್ತೆ, ಹಾಲು ಹಾಕಿದ್ರಾ?" ಅಂತ ಕೇಳಿದೆ. "ಒಂದೇ ಒಂದು ಚಮಚ ಕಣೆ, ಕಾಲು ಸುತ್ತಿ ಸುತ್ತಿ ಬರ್ತಾಳೆ" ಅಂದರು. ಹಾಲು ನಿಂತಿತು, ಟ್ರೇ ಸರಿಯಾಯಿತು. ಚುಕ್ಕಿ ಈಗಲೂ ಅವರ ಕಾಲು ಸುತ್ತುತ್ತಾಳೆ. ಈಗ ಅವರು ತಲೆ ಸವರಿ ಕಳಿಸುತ್ತಾರೆ.

ಇನ್ನು ಗುಂಡನ ವಿಷಯ. ಇದನ್ನು ಗಂಡು ಬೆಕ್ಕು ಇರುವವರೆಲ್ಲ ದಯವಿಟ್ಟು ಗಮನ ಇಟ್ಟು ಓದಿ.

ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆಗಳನ್ನು ಮೇಲಿಟ್ಟರೆ ಗುಂಡ ಬಂದು ಅವುಗಳ ಪಕ್ಕದಲ್ಲೇ ಬಾಲ ಸುತ್ತಿಕೊಂಡು ಕೂರುತ್ತಾನೆ. ಒಂದು ಗೊಂಬೆಯನ್ನೂ ಬೀಳಿಸಿಲ್ಲ. ಗೊಂಬೆ ನೋಡಲು ಬರುವ ಮಕ್ಕಳಿಗೆ ಅವನನ್ನು ಹುಡುಕುವುದೇ ಆಟ. ಆ ಕೇಸರಿ ಮುಖ ರಾಜ ರಾಣಿಯರ ನಡುವಿನಿಂದ ಇಣುಕಿದಾಗ ಮಕ್ಕಳು ಕಿರುಚಿ ನಗುವುದನ್ನು ಕೇಳಬೇಕು, ಅಂಥ ಸಂತೋಷ ನನಗೆ ಬೇರೆ ಯಾವುದರಲ್ಲೂ ಇಲ್ಲ. ಒಂದು ವರ್ಷ ಮಾತ್ರ ಮನೆ ತುಂಬಾ ನೆಂಟರು. ಹೊರಗೂರಿನಿಂದ ಜಂಬೂಸವಾರಿ ನೋಡಲು ಬಂದವರು, ರಾತ್ರಿ ಹೊತ್ತು ದೀಪಾಲಂಕಾರ ನೋಡಿ ತಡವಾಗಿ ಬರುವವರು, ಹಜಾರದಲ್ಲಿ, ಕೋಣೆಯಲ್ಲಿ, ಎಲ್ಲ ಕಡೆ ಹಾಸಿಗೆ. ಗುಂಡ ಮಂಚದ ಕೆಳಗೆ ಸೇರಿಬಿಟ್ಟ.

ವಿಜಯದಶಮಿ ಕಳೆದ ಬೆಳಿಗ್ಗೆ ಟ್ರೇಯಲ್ಲಿ ಅವನ ದೊಡ್ಡ ಉಂಡೆ ಇರಲಿಲ್ಲ. ಬಟಾಣಿ ಕಾಳಿನಷ್ಟು ಚಿಕ್ಕ ಚಿಕ್ಕ ಉಂಡೆ ಎರಡು ಮೂರು ಇದ್ದವು. ನಾನು ಅಲ್ಲೇ ನಿಂತು ನೋಡಿದೆ. ಗುಂಡ ಬಂದ, ಕೂತ, ತಿಣುಕಿದ, ಏನೂ ಬರಲಿಲ್ಲ. ಎದ್ದು ಹೋಗಿ ಹಿಂಭಾಗ ನೆಕ್ಕಿಕೊಂಡ. ಮತ್ತೆ ಬಂದು ಕೂತ. ಮನೆಯವರು "ಮಲಬದ್ಧತೆ ಇರಬೇಕು, ಸಂಜೆ ನೋಡೋಣ" ಅಂದರು. ಗಂಡು ಬೆಕ್ಕಿನ ವಿಷಯದಲ್ಲಿ ಸಂಜೆಯವರೆಗೆ ಕಾಯುವ ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ಬ್ಯಾಗಿಗೆ ಹಾಕಿ, ಮೇಲೆ ಟವೆಲ್ ಮುಚ್ಚಿ, ಆಟೋ ಹಿಡಿದು ಹೊರಟೆ.

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದ ಕೂಡಲೇ "ಬ್ಲಾಕ್ ಆಗಿದೆ" ಅಂದರು. ಮೂತ್ರಕೋಶ ಗಟ್ಟಿಯಾಗಿ ಉಬ್ಬಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಸಣ್ಣ. ಹರಳು, ಲೋಳೆ ಸೇರಿ ಅಲ್ಲಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಉಚ್ಚೆ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ಹದ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ರಕ್ತ ಪರೀಕ್ಷೆ ಮಾಡಿ, ಮಂಪರು ಕೊಟ್ಟು, ಕ್ಯಾತಿಟರ್ ಅನ್ನುವ ಸಣ್ಣ ಕೊಳವೆ ಹಾಕಿ ಸಲೈನಿನಿಂದ ತೊಳೆದು ದಾರಿ ಬಿಡಿಸಿದರು. ಡ್ರಿಪ್ ಹಾಕಿ ಅಲ್ಲೇ ಇಟ್ಟುಕೊಂಡರು. ಬೇಗ ಬಂದಿದ್ದಕ್ಕೆ ಕಿಡ್ನಿಗೆ ಪೆಟ್ಟು ಬಿದ್ದಿಲ್ಲ ಅಂದರು.

ಆಮೇಲೆ ಅವರು ಕೇಳಿದ ಪ್ರಶ್ನೆ: "ಮನೆಯಲ್ಲಿ ಏನಾದ್ರೂ ಬದಲಾವಣೆ ಆಗಿತ್ತಾ?" ನಾನು ನೆಂಟರ ವಿಷಯ ಹೇಳಿದೆ. ಬೆಕ್ಕಿಗೆ ಮನಸ್ಸಿನ ಒತ್ತಡ ಆದರೆ ಮೂತ್ರಕೋಶ ಊದಿಕೊಳ್ಳುತ್ತದೆ, ನೀರು ಕುಡಿಯುವುದೂ ಕಡಿಮೆಯಾಗುತ್ತದೆ, ಟ್ರೇ ಹತ್ತಿರ ಜನ ಓಡಾಡಿದರೆ ಉಚ್ಚೆ ಕಟ್ಟಿಕೊಂಡೇ ಇರುತ್ತದೆ ಅಂತ ವಿವರಿಸಿದರು. ಹೊಸ ಸೋಫಾ, ಬಣ್ಣ ಬಳಿಯುವ ಕೆಲಸ, ಇನ್ನೊಂದು ಬೆಕ್ಕು ಬಂದಿದ್ದು, ಇವೂ ಸಾಕಂತೆ.

ಅಲ್ಲಿಂದ ನನ್ನ ಗಮನವೆಲ್ಲ ನೀರಿನ ಕಡೆ. ಒಣ ಕಾಳು ಆಹಾರದಲ್ಲಿ ನೀರಿನಂಶ ಸುಮಾರು 10%. ಗ್ರೇವಿ ಪೌಚಿನಲ್ಲಿ 75ರಿಂದ 80%. ಬೆಕ್ಕಿನ ಪೂರ್ವಜರು ಒಣ ನಾಡಿನ ಕಾಡುಬೆಕ್ಕುಗಳು, ತಿಂದ ಬೇಟೆಯಿಂದಲೇ ನೀರು ಪಡೆದವು. ಅದಕ್ಕೆ ಇವಕ್ಕೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಗುಂಡನಿಗೆ ಎರಡು ಹೊತ್ತೂ ಪೌಚ್, ಅದರ ಮೇಲೆ ಎರಡು ಚಮಚ ಉಗುರುಬೆಚ್ಚಗಿನ ನೀರು ಕಲಸಿ ಕೊಡುತ್ತೇನೆ. ಡಾಕ್ಟರ್ ಬರೆದುಕೊಟ್ಟ ಮೂತ್ರದ ತೊಂದರೆಯ ಆಹಾರವನ್ನು ಅವರು ಹೇಳಿದಷ್ಟು ಕಾಲ ಹಾಕಿದೆ. ಅದು ಸ್ಟ್ರುವೈಟ್ ಅನ್ನುವ ಹರಳನ್ನು ಕರಗಿಸುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಆದರೆ ಕರಗುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡಿಸದೆ ಅಂಗಡಿಯವರ ಮಾತಿನ ಮೇಲೆ ಆ ಪ್ಯಾಕೆಟ್ ತರಬೇಡಿ.

ನೀರಿನ ಬೋಗುಣಿಗಳನ್ನು ಊಟದ ತಟ್ಟೆಯಿಂದ ದೂರ ಇಟ್ಟೆ. ಅಗಲ ಬಾಯಿಯ ಪಿಂಗಾಣಿ ಬೋಗುಣಿ, ಅಂಚಿನವರೆಗೆ ನೀರು. ಹಜಾರದಲ್ಲಿ ಒಂದು, ಮಹಡಿಯಲ್ಲಿ ಒಂದು, ತುಳಸಿ ಕಟ್ಟೆ ಹತ್ತಿರ ಜಾಲರಿ ಒಳಗೆ ಒಂದು. ಚುಕ್ಕಿ ತಾಮ್ರದ ಚೊಂಬಿನಲ್ಲಿ ದೇವರ ಮುಂದೆ ಇಟ್ಟ ನೀರಿಗೇ ಬಾಯಿ ಹಾಕುತ್ತಾಳೆ. ಅದಕ್ಕೊಂದು ತಟ್ಟೆ ಮುಚ್ಚಿದ್ದೇವೆ. ಒಂದು ತಿಂಗಳಲ್ಲೇ ಗುಂಡನ ಉಂಡೆಗಳು ದೊಡ್ಡದಾದವು. ಆ ಉಂಡೆ ನೋಡಿ ಖುಷಿ ಪಡುವುದು ಹೊರಗಿನವರಿಗೆ ವಿಚಿತ್ರ ಅನಿಸಬಹುದು. ಬೆಕ್ಕು ಸಾಕಿದವರಿಗೆ ಗೊತ್ತು.

ಟ್ರೇಯ ಜೊತೆ ಇನ್ನೆರಡು ವಿಷಯ ನೋಡುತ್ತೇನೆ. ತಿಂಗಳಿಗೊಮ್ಮೆ ತೂಕ: ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನಾನೊಬ್ಬಳೇ ನಿಂತು, ಕಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ನಾಲ್ಕು ಕೆಜಿ ಬೆಕ್ಕು ಅರ್ಧ ಕೆಜಿ ಇಳಿದರೆ ಅದು ದೊಡ್ಡ ಸಂಗತಿ, ರೋಮದ ಕೆಳಗೆ ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಉಸಿರು. ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಪಕ್ಕದಲ್ಲಿ ಮಲಗಿದಾಗ ಹೊಟ್ಟೆ ಏರಿಳಿಯುವುದನ್ನು ಎಣಿಸಿದರೆ ಆಯಿತು. ಊಟ ಒಂದು ದಿನ ಪೂರ್ತಿ ಬಿಟ್ಟರೆ ಫೋನ್ ಮಾಡುತ್ತೇನೆ, ಕಾಯುವುದಿಲ್ಲ. ಅದರಲ್ಲೂ ದಪ್ಪ ಬೆಕ್ಕು ಕೆಲವು ದಿನ ಉಪವಾಸ ಇದ್ದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಬೇರೆಯೇ ಕಾಯಿಲೆ ಶುರುವಾಗುತ್ತದೆ. ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಗೇ ಪ್ರಾಣ ಹೋಗಬಹುದು. ನಾಯಿಯ ಚಿಗಟದ ಔಷಧಿಯನ್ನೂ ಹಚ್ಚಬಾರದು, ಕೆಲವದರಲ್ಲಿ ಬೆಕ್ಕಿಗೆ ವಿಷವಾಗುವ ಪರ್ಮೆಥ್ರಿನ್ ಇರುತ್ತದೆ.

ನಾದಿನಿ ಗರ್ಭಿಣಿಯಾಗಿ ಬಂದಾಗ ಬೇರೆ ಚಿಂತೆ ಶುರುವಾಯಿತು. "ಕೊತ್ತಿಗಳನ್ನ ಯಾರಿಗಾದ್ರೂ ಕೊಟ್ಟುಬಿಡ್ರಮ್ಮ" ಅಂತ ಬಂದವರೆಲ್ಲ ಹೇಳಿದರು. ನಾದಿನಿಯ ಡಾಕ್ಟರನ್ನೇ ಕೇಳಿದೆವು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು, ಸೋಂಕು ಇರುವ ಬೆಕ್ಕಿನ ಕಕ್ಕದಿಂದ ಹರಡಬಹುದು ನಿಜ. ಆದರೆ ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನಾ ಟ್ರೇ ತೆಗೆದರೆ, ಆ ಕೆಲಸವನ್ನು ಗರ್ಭಿಣಿ ಬಿಟ್ಟು ಬೇರೆಯವರು ಮಾಡಿದರೆ, ಭಯ ಬಹಳ ಕಡಿಮೆ. ಹಸಿ ಮಾಂಸ ತಿನ್ನದ, ಹೊರಗೆ ಬೇಟೆಗೆ ಹೋಗದ ಬೆಕ್ಕಿಗೆ ಸೋಂಕು ತಗಲುವ ದಾರಿಯೇ ಕಡಿಮೆ. ತೊಳೆಯದ ಸೊಪ್ಪು, ತೋಟದ ಮಣ್ಣು ಮುಟ್ಟಿದ ಕೈ, ಇವುಗಳ ಬಗ್ಗೆಯೂ ಅಷ್ಟೇ ಎಚ್ಚರ ಇರಲಿ ಅಂದರು. ಟ್ರೇ ನನ್ನ ಕೆಲಸವಾಗಿಯೇ ಇತ್ತು. ನಾದಿನಿ ಮಲಗಿದಾಗ ಚುಕ್ಕಿ ಕಾಲ ಹತ್ತಿರ ಮಲಗುತ್ತಿದ್ದಳು. ಮಗು ಚೆನ್ನಾಗಿದೆ, ಈಗ ಬೆಕ್ಕಿನ ಬಾಲ ಎಳೆಯಬಾರದು ಅನ್ನುವ ಪಾಠ ನಡೆಯುತ್ತಿದೆ.

ಗೊಂಬೆ ಕೂರಿಸುವುದನ್ನು ನಾವು ಬಿಟ್ಟಿಲ್ಲ, ನೆಂಟರನ್ನು ಬೇಡ ಅನ್ನುವುದೂ ಇಲ್ಲ. ನವರಾತ್ರಿ ಶುರುವಾಗುವ ಒಂದು ವಾರ ಮೊದಲೇ ಮಹಡಿಯ ಕೋಣೆಯನ್ನು ಬೆಕ್ಕುಗಳಿಗೆ ಬಿಟ್ಟುಕೊಡುತ್ತೇವೆ. ಅವರ ಹಳೆಯ ಹಾಸಿಗೆ, ಎರಡು ಟ್ರೇ, ನೀರು, ಒಳಗೆ ಹೊಕ್ಕು ಕೂರಲು ರಟ್ಟಿನ ಡಬ್ಬ. ನೆಂಟರು ಬರುವ ಹೊತ್ತಿಗೆ ಅದು ಅವರ ಜಾಗ ಅಂತ ಅವರಿಗೆ ಅಭ್ಯಾಸವಾಗಿರುತ್ತದೆ. ಬಾಗಿಲ ಮೇಲೆ 'ಒಳಗೆ ಬೆಕ್ಕುಗಳಿವೆ, ತೆರೆಯಬೇಡಿ' ಅಂತ ಮಗಳು ಬರೆದು ಅಂಟಿಸುತ್ತಾಳೆ. ಬೆಳಿಗ್ಗೆ ಬೇಗ, ಎಲ್ಲರೂ ಏಳುವ ಮೊದಲು, ಗುಂಡ ಕೆಳಗೆ ಬಂದು ಗೊಂಬೆಗಳ ನಡುವೆ ಕೂತು ಹೋಗುತ್ತಾನೆ. ದಸರೆ ಮುಗಿದರೆ ದೀಪಾವಳಿಗೆ ಮೂರು ವಾರವೂ ಇರುವುದಿಲ್ಲ. ಪಟಾಕಿ ಶುರುವಾದರೆ ಇಬ್ಬರೂ ಓಡುವುದು ಅದೇ ಕೋಣೆಗೆ. ಅದಕ್ಕೆ ದಪ್ಪ ಪರದೆಯನ್ನೂ, ಟ್ರೇಗಳನ್ನೂ ಕಾರ್ತಿಕ ಮುಗಿಯುವವರೆಗೆ ಅಲ್ಲಿಂದ ಎತ್ತುವುದಿಲ್ಲ.