ರೂಸ್‌ವೆಲ್ಟ್ ಕಾಲದ ನೇಮಕಾತಿ ಪತ್ರಗಳನ್ನು ನಾನು ಓದಿದ ಬಗೆ

ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಅವರ ಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸುಮಾರು 2,76,000 ದಾಖಲೆಗಳು. ಎಲ್ಲವನ್ನೂ ಓದಲು ಹೊರಟರೆ ಆಯಸ್ಸು ಸಾಲದು. ಅದಕ್ಕೆ ನಾನು ಒಂದು ಹೆಸರು, ಒಂದು ಹುದ್ದೆ ಮಾತ್ರ ಹಿಡಿದುಕೊಂಡೆ. ಡಾ. ವಿಲಿಯಂ ಕ್ರಮ್, ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಸುಂಕದ ಕಲೆಕ್ಟರ್ ಹುದ್ದೆ. ಕ್ರಮ್ ಆಫ್ರಿಕನ್ ಅಮೆರಿಕನ್ ವೈದ್ಯರು. ಅವರ ನೇಮಕಕ್ಕೆ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಸಿಗಲು ಎರಡು ವರ್ಷ ಬೇಕಾಯಿತು. ಜಗಳ ಇದ್ದ ಕಡೆ ಕಾಗದವೂ ಜಾಸ್ತಿ ಅಲ್ವಾ?

ಬಂದ ಪತ್ರಗಳು ಒಂದು ಕಡೆ, ಕಳಿಸಿದ ಪತ್ರಗಳ ಪ್ರತಿಗಳು ಇನ್ನೊಂದು ಕಡೆ ಇವೆ. ಕಳಿಸಿದ ಪತ್ರದ ಮೇಲೆ ತೆಳ್ಳನೆಯ ಒದ್ದೆ ಕಾಗದ ಇಟ್ಟು ಒತ್ತಿ ಪ್ರತಿ ತೆಗೆಯುತ್ತಿದ್ದರು. ಹಲವು ಕಡೆ ಶಾಯಿ ಹರಡಿ ಅಕ್ಷರ ಕಲಸಿಹೋಗಿದೆ. ಅಂಥ ಪುಟಗಳಲ್ಲಿ ನಾನು ಮೊದಲು ತಾರೀಖು ಮತ್ತು ಯಾರಿಗೆ ಬರೆದದ್ದು ಎಂದಷ್ಟೇ ನೋಡಿ ಬರೆದುಕೊಳ್ಳುತ್ತೇನೆ. ಒಕ್ಕಣೆ ಆಮೇಲೆ.

ಅಧ್ಯಕ್ಷರ ಚೆಂದದ ಪತ್ರವನ್ನು ಮೊದಲು ಓದುವುದಿಲ್ಲ. 1902ರ ನವೆಂಬರ್‌ನಲ್ಲಿ ಚಾರ್ಲ್ಸ್‌ಟನ್‌ನವರೊಬ್ಬರಿಗೆ ರೂಸ್‌ವೆಲ್ಟ್ ಬರೆದ ಪತ್ರ ತುಂಬಾ ಹೆಸರಾದದ್ದು. ಬಣ್ಣದ ಕಾರಣಕ್ಕೆ ಯಾರಿಗೂ ಅವಕಾಶದ ಬಾಗಿಲು ಮುಚ್ಚಲು ತಾನು ಒಪ್ಪುವುದಿಲ್ಲ ಎನ್ನುವುದು ಅದರ ಸಾರ. ಒಳ್ಳೆಯ ಮಾತೇ. ಆದರೆ ಅದು ಊರೆಲ್ಲ ಓದಲಿ ಎಂದು ಬರೆದಂತಿದೆ. ನೇಮಕದ ಒಳಗುಟ್ಟು ಗೊತ್ತಾಗುವುದು ಚಿಕ್ಕ ಪತ್ರಗಳಲ್ಲಿ. ಉದಾಹರಣೆಗೆ 1901ರ ಸೆಪ್ಟೆಂಬರ್ 14. ಹಿಂದಿನ ಅಧ್ಯಕ್ಷ ಮೆಕಿನ್ಲಿ ತೀರಿಕೊಂಡು ರೂಸ್‌ವೆಲ್ಟ್ ಅಧ್ಯಕ್ಷರಾದ ದಿನ. ಅಂದೇ ಅವರು ಆಫ್ರಿಕನ್ ಅಮೆರಿಕನ್ ಮುಖಂಡ ಬುಕರ್ ಟಿ. ವಾಷಿಂಗ್ಟನ್ ಅವರಿಗೆ ಬರೆಯುತ್ತಾರೆ: ಆದಷ್ಟು ಬೇಗ ಭೇಟಿಯಾಗಬೇಕು, ದಕ್ಷಿಣದ ನೇಮಕಾತಿಗಳ ಬಗ್ಗೆ ಮಾತಾಡಬೇಕು. ಮುಂದಿನ ತಿಂಗಳೇ ವಾಷಿಂಗ್ಟನ್ ಸೂಚಿಸಿದ ಥಾಮಸ್ ಜೋನ್ಸ್ ಅಲಬಾಮಾದಲ್ಲಿ ಫೆಡರಲ್ ನ್ಯಾಯಾಧೀಶರಾದರು. ಜೋನ್ಸ್ ಬೇರೆ ಪಕ್ಷದವರು! ಯಾರ ಮಾತು ನಡೆಯುತ್ತಿತ್ತು ಎಂದು ತಿಳಿಯಲು ಇಷ್ಟು ಸಾಕು.

ಹಾಗಾಗಿ ನನ್ನ ಪಟ್ಟಿಯಲ್ಲಿ ಶಿಫಾರಸು ಮಾಡಿದವರ ಹೆಸರಿಗೇ ಒಂದು ಕಾಲಂ. ಪಕ್ಕದಲ್ಲೇ ಸೆನೆಟ್ ಅಧಿವೇಶನದ ತಾರೀಖುಗಳು. ಕ್ರಮ್ ವಿಷಯದಲ್ಲಿ ಈ ಎರಡನೇ ಕಾಲಂ ಬಹಳ ಸಹಾಯ ಮಾಡಿತು. ಸೌತ್ ಕ್ಯಾರೊಲಿನಾದ ಸೆನೆಟರ್ ಟಿಲ್ಮನ್ ಪಟ್ಟು ಹಿಡಿದು ಒಪ್ಪಿಗೆ ತಡೆದಿದ್ದರು. ಸೆನೆಟ್ ಸೇರಿರದ ಹೊತ್ತಿನಲ್ಲಿ ಅಧ್ಯಕ್ಷರು ತಾತ್ಕಾಲಿಕವಾಗಿ ನೇಮಿಸಬಹುದು. 1903ರ ಮಾರ್ಚ್‌ನಲ್ಲಿ ರೂಸ್‌ವೆಲ್ಟ್ ಹಾಗೇ ಮಾಡಿದರು. ಮಜಾ ಇರುವುದು ಡಿಸೆಂಬರ್ 7ರಂದು. ಅಂದು ಮಧ್ಯಾಹ್ನ ವಿಶೇಷ ಅಧಿವೇಶನ ಮುಗಿದ ಗಳಿಗೆಯಲ್ಲೇ ಮಾಮೂಲಿ ಅಧಿವೇಶನ ಶುರುವಾಯಿತು. ನಡುವೆ ಬಿಡುವೇ ಇಲ್ಲ. ಆದರೂ ಆ ಇಲ್ಲದ ಬಿಡುವಿನಲ್ಲಿ ಕ್ರಮ್ ಮತ್ತೆ ತಾತ್ಕಾಲಿಕವಾಗಿ ನೇಮಕವಾದರು, ಜೊತೆಗೆ 160ಕ್ಕೂ ಹೆಚ್ಚು ಸೇನಾಧಿಕಾರಿಗಳೂ! ಕ್ರಮ್‌ಗೆ ಕೊನೆಗೆ ಸೆನೆಟ್ ಒಪ್ಪಿಗೆ ಸಿಕ್ಕಿದ್ದು 1905ರ ಜನವರಿಯಲ್ಲಿ. ಎರಡು ತಿಂಗಳಲ್ಲೇ ಸೆನೆಟ್‌ನ ನ್ಯಾಯಾಂಗ ಸಮಿತಿ ವರದಿ ಕೊಟ್ಟಿತು: ಬಿಡುವು ಎಂದರೆ ನಿಜವಾದ ಬಿಡುವೇ ಆಗಿರಬೇಕು, ಕಲ್ಪನೆಯದ್ದಲ್ಲ. ತಾರೀಖು ಜೋಡಿಸದೆ ಸುಮ್ನೆ ಪತ್ರ ಓದಿದರೆ ಈ ಆಟ ಕಣ್ಣಿಗೇ ಬೀಳುವುದಿಲ್ಲ.

ಮಿಸಿಸಿಪ್ಪಿಯ ಇಂಡಿಯನೋಲಾದ ಪೋಸ್ಟ್ ಮಾಸ್ಟರ್ ಆಗಿದ್ದ ಆಫ್ರಿಕನ್ ಅಮೆರಿಕನ್ ಮಹಿಳೆ ಮಿನ್ನಿ ಕಾಕ್ಸ್ ಅವರ ಪ್ರಕರಣವನ್ನೂ ಇದರ ಜೊತೆಗೇ ಇಟ್ಟು ಓದಬೇಕು. ಊರಿನ ಬಿಳಿಯರ ಒತ್ತಡಕ್ಕೆ ಅವರು ರಾಜೀನಾಮೆ ಕೊಟ್ಟರು. ರೂಸ್‌ವೆಲ್ಟ್ ಅದನ್ನು ಒಪ್ಪದೆ 1903ರ ಜನವರಿಯಲ್ಲಿ ಪೋಸ್ಟ್ ಆಫೀಸನ್ನೇ ಮುಚ್ಚಿಸಿದರು. ಊರಿನ ಟಪಾಲು ಗ್ರೀನ್‌ವಿಲ್‌ಗೆ ಹೋಗತೊಡಗಿತು. ಕಾಕ್ಸ್ ಅವರ ಸಂಬಳ ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಮಾತು. ಅಧ್ಯಕ್ಷರ ಕಾಗದಗಳಲ್ಲೇ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡಿ. ಸುಂಕದ ಹುದ್ದೆ ಖಜಾನೆ ಇಲಾಖೆಯದ್ದು. ಆ ಇಲಾಖೆಯ ದಾಖಲೆಗಳು ನ್ಯಾಷನಲ್ ಆರ್ಕೈವ್ಸ್‌ನ ರೆಕಾರ್ಡ್ ಗ್ರೂಪ್ 56ರಲ್ಲಿವೆ, ಸೆನೆಟ್‌ನವು 46ರಲ್ಲಿ. ಟಾಫ್ಟ್ ಅಧ್ಯಕ್ಷರಾದ 1909ರಲ್ಲಿ ಕ್ರಮ್ ರಾಜೀನಾಮೆ ಕೊಟ್ಟರು, ಮರುವರ್ಷ ಲೈಬೀರಿಯಾಕ್ಕೆ ರಾಯಭಾರಿಯಾಗಿ ಹೋದರು. ಅಲ್ಲಿಂದ ಮುಂದಿನ ಕಥೆ ಬೇಕಾದರೆ ವಿದೇಶಾಂಗ ಇಲಾಖೆಯ ರೆಕಾರ್ಡ್ ಗ್ರೂಪ್ 59ರಲ್ಲಿ ಹುಡುಕಬೇಕು.