ಹಳೆಯ ಮದ್ರಾಸ್ ತಾರಸಿ, ಹೊಸ ಕಾಂಕ್ರೀಟ್ ಚಾವಣಿ: ಸೋರಿಕೆಯ ದುರಸ್ತಿ

ಬೆಂಗಳೂರಿನ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿಗೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿ ಸೋರತೊಡಗಿದರೆ, ಅದಕ್ಕೆ ಸಿಮೆಂಟ್ ಬಳಿಯಬೇಡಿ. ಸುಣ್ಣದ ಮೂಲಕ ಆವಿಯಾಗಿ ಹೋಗಬೇಕಾದ ತೇವ ಒಳಗೇ ಸಿಕ್ಕಿಬಿದ್ದು, ಗೋಡೆಯಲ್ಲಿ ಹುದುಗಿದ ತೊಲೆಯ ತುದಿಗಳು ಕೊಳೆಯುತ್ತವೆ. ಮೊದಲು ಆ ತುದಿಗಳನ್ನು ಚೂಪಾದ ಸಲಕರಣೆಯಿಂದ ಚುಚ್ಚಿ ನೋಡಿ, ಮೆತ್ತಗಿದ್ದರೆ ಚಾವಣಿಗೆ ಆಸರೆ ಕೊಟ್ಟು ತೊಲೆ ಬದಲಿಸಿ, ಅನಂತರವೇ ಬಿರುಕುಗಳಿಗೆ ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ತುಂಬಿ ಹಲವು ದಿನ ತೇವವಾಗಿಡಿ. ಈ ಕೆಲಸ ಬಲ್ಲ ಗಾರೆಯವರು ಈಗ ವಿರಳ. ಹುಡುಕಲು ತಿಂಗಳು ಹಿಡಿದರೂ ಕಾಯುವುದೇ ಮೇಲು.

ಕಾಂಕ್ರೀಟ್ ಚಾವಣಿಯಾದರೆ ನೀರಿನ ಕಿಂಡಿಗಳನ್ನು ಮುಚ್ಚಿ, ಸುಮಾರು 25 ಮಿಲಿಮೀಟರ್ ನೀರು ನಿಲ್ಲಿಸಿ, ಎಲ್ಲಿ ಸೋರುತ್ತದೆ ಎಂದು 48 ಗಂಟೆ ಕೆಳಗಿನಿಂದ ಗಮನಿಸಿ. ಅಡಿಭಾಗದಲ್ಲಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಮಾತ್ರ ನೀರು ನಿಲ್ಲಿಸದೆ ಮೊದಲು ಇಂಜಿನಿಯರರಿಗೆ ತೋರಿಸಿ.