ಕುಡಿತ ಬಿಡಲು ಜೊತೆ ಬೇಕೇ? ಗುಂಪು ಹುಡುಕುವುದು ಹೀಗೆ

ಊರು ಸಣ್ಣದು. ಮಂಗಳೂರಿನಲ್ಲಿ ಉಡುಪಿ ಬಸ್ಸು ಹತ್ತಿದರೆ ಪರಿಚಯದ ಮುಖ ಒಂದಾದರೂ ಸಿಗುತ್ತದೆ. ವೈನ್‌ಶಾಪ್ ಮುಂದೆ ನಿಲ್ಲುವಾಗ ಇಲ್ಲದ ನಾಚಿಕೆ, ಕುಡಿತ ಬಿಡುವವರ ಸಭೆಗೆ ಹೊರಟಾಗ ಎಲ್ಲಿಂದಲೋ ಬಂದುಬಿಡುತ್ತದೆ. ನನ್ನ ಸೋದರಮಾವನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರು ಗೇಟಿನಿಂದಲೇ ವಾಪಸ್ ಬಂದರು. ಒಳಗೆ ಕಾಲಿಟ್ಟಿದ್ದು ಮೂರನೇ ವಾರ. (ಬರಿ, ಹೆಸರು ಮಾತ್ರ ಹಾಕಬೇಡ ಅಂದಿದ್ದಾರೆ.)

ಮೊದಲು ಡಾಕ್ಟರು

ದಿನಾ ಜಾಸ್ತಿ ಕುಡಿಯುವವರು 'ನಾಳೆಯಿಂದ ಬಂದ್' ಅಂತ ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರುವುದುಂಟು. ಆಮೇಲೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಇದು ಹಟದಿಂದ ಗೆಲ್ಲುವ ವಿಷಯವಲ್ಲ, ಜೀವಕ್ಕೇ ಅಪಾಯ. ಮಂಗಳೂರಿನ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕೆಎಂಸಿ, ಉಡುಪಿ ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆ, ಎಲ್ಲ ಕಡೆ ಮನೋವೈದ್ಯರಿದ್ದಾರೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಊಟದಲ್ಲಿ ಗೊತ್ತಾಗದಂತೆ ಬೆರೆಸಿಕೊಡುವ 'ಕುಡಿತ ಬಿಡಿಸುವ' ಪುಡಿ, ಮಾತ್ರೆ ಬೇಡವೇ ಬೇಡ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ಡಾಕ್ಟರು ಅದನ್ನು ರೋಗಿಗೆ ತಿಳಿಸಿಯೇ ಕೊಡುತ್ತಾರೆ.

ಎಲ್ಲಿ ಕೇಳುವುದು

ಹೆಚ್ಚು ಕಡಿಮೆ ಎರಡು ದಾರಿ. ಒಂದು ಎ.ಎ., ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದವರು ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಸರ್ಜನ್. ಇಬ್ಬರೂ ಕುಡಿದು ಹಾಳಾಗಿದ್ದವರೇ. ಇಲ್ಲಿ ಫೀಸಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ನೀವು ಸದಸ್ಯರು. ಸಭೆ ಚರ್ಚ್ ಹಾಲ್‌ನಲ್ಲಿ ನಡೆದರೂ ಅದು ಚರ್ಚ್‌ನ ಕಾರ್ಯಕ್ರಮವಲ್ಲ, ಜಾಗ ಮಾತ್ರ ಅವರದ್ದು. ಇದನ್ನು ತಿಳಿಯದೆ ದೂರ ಉಳಿದವರನ್ನು ನಾನು ನೋಡಿದ್ದೇನೆ.

ಎರಡನೆಯದು ಹಳ್ಳಿ ಕಡೆಯವರಿಗೆ ಹೆಚ್ಚು ಹತ್ತಿರದ್ದು: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಸಾಮಾನ್ಯವಾಗಿ ಎಂಟು ದಿನದ್ದು. ಶಿಬಿರ ಮುಗಿಸಿದವರು ಊರಲ್ಲಿ 'ನವಜೀವನ ಸಮಿತಿ' ಮಾಡಿಕೊಂಡು ಸೇರುತ್ತಾರೆ. ನನ್ನನ್ನು ಕೇಳಿದರೆ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ನಿಮ್ಮ ಮನೆಯ ಹೆಂಗಸರು ಯೋಜನೆಯ ಸ್ವಸಹಾಯ ಸಂಘದಲ್ಲಿದ್ದರೆ ಅಲ್ಲಿನ ಸೇವಾಪ್ರತಿನಿಧಿಯನ್ನು ಕೇಳಿ, ಯಾವ ಊರಲ್ಲಿ ಸೇರುತ್ತಾರೆ ಅಂತ ಹೇಳುತ್ತಾರೆ.

ಯಾರನ್ನೂ ಎದುರೆದುರು ಕೇಳಲು ಮನಸ್ಸಿಲ್ವಾ? 14446 ವ್ಯಸನಮುಕ್ತಿಗೆಂದೇ ಇರುವ ಉಚಿತ ಸಹಾಯವಾಣಿ. 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಫೋನ್ ಮಾಡಿದಾಗ

ಗುಂಪಿನವರ ನಂಬರ್ ಸಿಕ್ಕಿತು ಅಂದುಕೊಳ್ಳಿ. 'ಸಭೆ ಎಲ್ಲಿ' ಅಂತ ಮಾತ್ರ ಕೇಳಿ ಇಡಬೇಡಿ. ಯಾವ ಭಾಷೆ? ತುಳು, ಕೊಂಕಣಿಯಲ್ಲಿ ಮಾತಾಡಿದರೆ ಆಗುತ್ತಾ? ಮನೆಯವರು ಬರಬಹುದಾ? ಎ.ಎ.ಯಲ್ಲಿ 'ಓಪನ್ ಮೀಟಿಂಗ್' ಅಂದರೆ ಯಾರು ಬೇಕಾದರೂ ಬರಬಹುದು, 'ಕ್ಲೋಸ್ಡ್' ಅಂದರೆ ಕುಡಿತದ ಸಮಸ್ಯೆ ಇರುವವರು ಮಾತ್ರ. ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆಮೇಲೆ ನಿಮ್ಮೂರಿಗೆ ಬಸ್ಸಿದೆಯಾ? ಬಸ್ಸು ತಪ್ಪಿ ಸ್ಟ್ಯಾಂಡ್ ಎದುರಿನ ಬಾರ್‌ನ ಬೋರ್ಡ್ ನೋಡುತ್ತಾ ಅರ್ಧ ಗಂಟೆ ಕೂರುವುದು ಯಾರಿಗೆ ಬೇಕು, ಅಲ್ವಾ? ಗುರುತಿನವರು ಸಿಕ್ಕಾರು ಎಂಬ ಹೆದರಿಕೆಯಿದ್ದರೆ ಪಕ್ಕದ ಊರಿನ ಗುಂಪಿಗೆ ಹೋಗಿ. ಮಾವ ಕಾಪುವಿನವರು, ಮಂಗಳೂರಿಗೆ ಹೋಗುತ್ತಿದ್ದರು. ಅಲ್ಲೂ ಒಬ್ಬ ಪರಿಚಯದವರು ಸಿಕ್ಕರು! ಆದರೆ ಅವರೂ ಬಂದಿದ್ದು ಅದಕ್ಕೇ ತಾನೆ.

ಮೊದಲ ದಿನ

ಮಾತಾಡಲೇಬೇಕು ಅಂತಿಲ್ಲ. ಕೂತು ಕೇಳಿದರಾಯಿತು. ನಾನೂ ಓಪನ್ ಮೀಟಿಂಗ್‌ಗೆ ಹೋಗಿದ್ದೆ. ಬಾಗಿಲ ಹೊರಗೆ ಹದಿನಾಲ್ಕು ಜೊತೆ ಚಪ್ಪಲಿ, ಒಳಗೆ ಪ್ಲಾಸ್ಟಿಕ್ ಕುರ್ಚಿ. ಚಹಾ ಹಂಚುತ್ತಿದ್ದವರು ಎಲ್ಲರಿಗೂ ತುಂಬಾ ಕೊಟ್ಟು ಮಾವನಿಗೆ ಮಾತ್ರ ಅರ್ಧ ಲೋಟ ಕೊಟ್ಟರು. ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಮಾವನ ಕೈ ನೋಡಿದೆ. ಪೂರ್ತಿ ಲೋಟ ಕೊಟ್ಟಿದ್ದರೆ ಅಂಗಿ ಮೇಲೆ ಚೆಲ್ಲುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

ಕೊನೆಗೆ ಖರ್ಚಿಗೆಂದು ಚೀಲವೋ ಡಬ್ಬಿಯೋ ಬರುತ್ತದೆ. ಸದಸ್ಯರು ಹಾಕುತ್ತಾರೆ, ಹೊಸಬರು ಸುಮ್ನೆ ದಾಟಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದು ನೋಡಿ. ನಡುವೆ ಮತ್ತೆ ಕುಡಿದರೂ ಹೋಗಿ. ಬೈಯುವವರು ಅಲ್ಲಿಲ್ಲ, ಅವರಲ್ಲೂ ಹಲವರು ಬಿದ್ದೆದ್ದವರೇ.

ಮನೆಯವರಿಗೂ ಅಲ್-ಅನಾನ್ ಅಂತ ಬೇರೆಯೇ ಗುಂಪಿದೆ, 1951ರಲ್ಲಿ ಶುರುವಾದದ್ದು. ಹತ್ತಿರ ಎಲ್ಲಿದೆ ಅಂತ ಎ.ಎ.ಯವರನ್ನೇ ವಿಚಾರಿಸಿ.

ಹೊರಡುವ ಮೊದಲು ಇಬ್ಬರ ಫೋನ್ ನಂಬರ್ ತೆಗೆದುಕೊಳ್ಳಿ. ಇದನ್ನು ಮರೆಯಬೇಡಿ. ನಮ್ಮ ಕಡೆ ನೇಮ (ದೈವದ ಕೋಲ), ರೋಸ್ (ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ), ಮೆಹಂದಿ ಅಂದರೆ ಬಾಟಲಿ ಹೊರಬರುವ ಹೊತ್ತು. ಕಳೆದ ಮೇ ತಿಂಗಳಲ್ಲಿ ಒಂದು ಮೆಹಂದಿ ಮನೆಯಲ್ಲಿ 'ಒಂದು ಪೆಗ್ಗಿಗೆ ಏನಾಗಲ್ಲ ಮಾರಾಯ್ರೆ' ಅಂತ ಶುರುವಾದಾಗ ಮಾವ ಎದ್ದು ತೆಂಗಿನ ಮರದ ಹತ್ತಿರ ಹೋಗಿ ಆ ನಂಬರ್‌ಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಮಾತಾಡಿದರು. ಕುಡಿತದ ಸುದ್ದಿಯೇ ಬರಲಿಲ್ಲ. ಪೂರ್ತಿ ಬಂಗುಡೆ ರೇಟಿನ ಮಾತು.